ಅಕ್ಷರ ಕೈಗೆ ಹತ್ತದ ಮಗುವಿಗೆ ಶಾಲೆಯಲ್ಲಿ ಏನೇನು ಕೇಳಬಹುದು?

ಆ ನೋಟ್‌ಬುಕ್ಕಿನ ಒಂದೇ ಪುಟದಲ್ಲಿ ಬಂಗಾರಪೇಟೆ ನಾಲ್ಕು ಥರ ಇತ್ತು. ಬಗಾರಪೆಟೆ. ಬಂಗರಪೇಟ. ಬಾಂಗರಪೆಟೆ. ನಾಲ್ಕನೆಯದರಲ್ಲಿ ಅಕ್ಷರಗಳೇ ಜಾಗ ಬದಲಿಸಿಕೊಂಡಿದ್ದವು: ಬಂಗಾಪರೇಟೆ. ಬರೆದವನು ಐದನೇ ತರಗತಿಯ ಹುಡುಗ, ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ. ದಿನಾ ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನ ಮುಂದೆಯೇ ಓಡಾಡುವವನು. ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ‘ಗಮನವಿಲ್ಲ, 50 ಸಲ ಬರೆ’ ಎಂದಿತ್ತು. ಹುಡುಗ ಬರೆದೂ ಇದ್ದ. ಮೊದಲ ಏಳೆಂಟು ಸಾಲು ನೋಡಿಕೊಂಡು ಬರೆದದ್ದು, ಸರಿಯಾಗಿತ್ತು. ಅಲ್ಲಿಂದ ಮುಂದೆ ಸೊನ್ನೆ ಬಿಟ್ಟುಹೋಗಿ, ದೀರ್ಘ ಬಿಟ್ಟುಹೋಗಿ, ಐವತ್ತನೆಯದು ಮತ್ತೆ ಬಗಾರಪೆಟೆಯೇ ಆಗಿತ್ತು.

ಅವನ ತಾಯಿ ಆ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ತಂದಿದ್ದರು. ‘ಸಾರ್, ಬಾಯಲ್ಲಿ ಕೇಳಿದ್ರೆ ಎಲ್ಲಾ ಹೇಳ್ತಾನೆ. ಅಂಗಡಿಗೆ ಕಳಿಸಿದ್ರೆ ಚಿಲ್ಲರೆ ಒಂದ್ರೂಪಾಯಿ ತಪ್ಪಲ್ಲ. ಪೆನ್ ಹಿಡಿದ್ರೆ ಮಾತ್ರ ಹಿಂಗೆ. ಬೇಕು ಅಂತ ಮಾಡ್ತಾನಾ?’

ಬೇಕೆಂದು ಮಾಡುವುದಿಲ್ಲ. ನಾನು ಮೂವತ್ತು ವರ್ಷ ಮೇಷ್ಟ್ರಾಗಿದ್ದವನು. ಇಂಥ ಕೆಂಪು ಶಾಯಿಯ ಸಾಲುಗಳನ್ನು ನಾನೂ ಬರೆದಿದ್ದೇನೆ. ಆ ಮಕ್ಕಳಲ್ಲಿ ಕೆಲವರಿಗಾದರೂ ಬೇಕಿದ್ದದ್ದು ಐವತ್ತು ಸಲದ ಬರವಣಿಗೆ ಅಲ್ಲ ಎಂಬುದು ನನಗೆ ತಿಳಿದದ್ದು ತಡವಾಗಿ. ಆ ತಾಯಿಗೆ ಮೊದಲು ಹೇಳಿದ ಮಾತನ್ನೇ ಇಲ್ಲೂ ಮೊದಲು ಹೇಳುತ್ತೇನೆ. ಈ ನೋಟ್‌ಬುಕ್ಕನ್ನು ಹಳೇ ಪೇಪರಿನವನಿಗೆ ಹಾಕಬೇಡಿ. ಮುಂದೆ ಶಾಲೆ, ಆಸ್ಪತ್ರೆ, ಬಿಇಓ ಆಫೀಸು, ಎಲ್ಲಿಗೆ ಹೋದರೂ ನಿಮ್ಮ ಪರವಾಗಿ ಮಾತಾಡುವುದು ಇದೇ. ಪ್ರತಿ ವರ್ಷದ ಕನ್ನಡ, ಇಂಗ್ಲಿಷ್, ಗಣಿತದ ಒಂದೊಂದು ನೋಟ್‌ಬುಕ್ಕನ್ನು, ಟೆಸ್ಟ್ ಪೇಪರುಗಳ ಸಮೇತ, ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ.

ಏನಿದು, ಏನಲ್ಲ

ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಬರುವುದಕ್ಕೂ ಆರು ವರ್ಷ ಮೊದಲು, 1896ರಲ್ಲಿ, ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು 14 ವರ್ಷದ ಒಬ್ಬ ಹುಡುಗನ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹುಡುಗ ಚುರುಕಾಗಿದ್ದ, ಲೆಕ್ಕ ಮಾಡುತ್ತಿದ್ದ, ಕಣ್ಣು ಸರಿಯಿತ್ತು, ಆದರೆ ಓದಲು ಬರುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾಗಿದ್ದರೆ ಶಾಲೆಗೆಲ್ಲ ಇವನೇ ಜಾಣ ಎಂದು ಅವನ ಮೇಷ್ಟ್ರು ಹೇಳಿದ್ದರಂತೆ. ಬಂಗಾರಪೇಟೆಯ ತಾಯಿ ಹೇಳಿದ್ದೂ ಅದನ್ನೇ. ಇದನ್ನು ಡಿಸ್ಲೆಕ್ಸಿಯಾ ಎನ್ನುತ್ತಾರೆ. ಬರವಣಿಗೆಯದೇ ತೊಡಕಾದರೆ ಡಿಸ್‌ಗ್ರಾಫಿಯಾ, ಲೆಕ್ಕದ್ದಾದರೆ ಡಿಸ್‌ಕ್ಯಾಲ್ಕುಲಿಯಾ. ಕಾನೂನಿನಲ್ಲಿ ಇವೆಲ್ಲಕ್ಕೂ ಸೇರಿ ಇರುವ ಹೆಸರು ನಿರ್ದಿಷ್ಟ ಕಲಿಕಾ ನ್ಯೂನತೆ. ಇದು ಬುದ್ಧಿಮಾಂದ್ಯತೆ ಅಲ್ಲ, ಸೋಮಾರಿತನವೂ ಅಲ್ಲ. ಮಾತ್ರೆ ನುಂಗಿದರೆ ಹೋಗುವ ಕಾಯಿಲೆಯೂ ಅಲ್ಲ. ಕಲಿಸುವ ರೀತಿ ಬದಲಾದರೆ ಮಗು ಕಲಿಯುತ್ತದೆ.

ಕನ್ನಡದಲ್ಲಿ ಇದನ್ನು ಗುರುತಿಸುವಾಗ ಸ್ವಲ್ಪ ತಾಳ್ಮೆ ಬೇಕು. ಇಂಗ್ಲಿಷಿನ ಮಗುವಿಗೆ ಕಲಿಯಲು ಇರುವುದು 26 ಅಕ್ಷರ. ನಮ್ಮ ಮಗುವಿಗೆ 34 ವ್ಯಂಜನ, ಅವುಗಳ ಕಾಗುಣಿತವೇ 400 ದಾಟುತ್ತದೆ, ಅದರ ಮೇಲೆ ಒತ್ತಕ್ಷರ. ಬೆಂಗಳೂರಿನ ಸೋನಾಲಿ ನಾಗ್ ಕನ್ನಡ ಓದುವ ಮಕ್ಕಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಸಂಶೋಧನೆ, ಅಕ್ಷರಗಳು ಪೂರ್ತಿ ಕೈಗೆ ಹತ್ತಲು ನಾಲ್ಕನೇ ತರಗತಿಯವರೆಗೂ ಸಮಯ ಹಿಡಿಯುತ್ತದೆ ಎಂದು ತೋರಿಸಿತು. ಹಾಗಾಗಿ ಎರಡನೇ ತರಗತಿಯ ಮಗು ‘ಕ್ಷ’ ತಪ್ಪಿದರೆ ಗಾಬರಿ ಬೇಡ. ಮಹಾಪ್ರಾಣ ಬಿಟ್ಟರೆ, ಹಕಾರದ ಬದಲು ಅಕಾರ ಬರೆದರೆ ಅದೂ ನ್ಯೂನತೆ ಅಲ್ಲ, ನಮ್ಮ ಸೀಮೆಯ ಮಾತೇ ಹಾಗಿದೆ. ಮೂರನೇ ತರಗತಿ ಮುಗಿಯುತ್ತ ಬಂದರೂ ದೀರ್ಘ, ಸೊನ್ನೆ, ಕೊಂಬು ಒಂದೊಂದು ಸಲ ಒಂದೊಂದು ಥರ ಆಗುತ್ತಿದ್ದರೆ, ನಿನ್ನೆ ಓದಿದ ಪದ ಇವತ್ತು ಹೊಸದಾಗಿ ಕಾಣುತ್ತಿದ್ದರೆ, ಪದದ ಮೊದಲಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಿದ್ದರೆ, ಬೋರ್ಡಿನಿಂದ ಇಳಿಸಿಕೊಳ್ಳುವುದು ದಿನಾ ಅರ್ಧಕ್ಕೇ ನಿಲ್ಲುತ್ತಿದ್ದರೆ, ಆಗ ತಡ ಮಾಡಬಾರದು.

ಸರ್ಕಾರಿ ಶಾಲೆಯ ತಂದೆತಾಯಿ ಇನ್ನೊಂದು ವಿಷಯ ಗಮನಿಸಬೇಕು. ಒಂದರಿಂದ ಮೂರನೇ ತರಗತಿಯವರೆಗೆ ನಲಿಕಲಿ. ಕಾರ್ಡು ಹಿಡಿದು ಮಗು ತನ್ನ ವೇಗದಲ್ಲಿ ಹೋಗುತ್ತದೆ, ಹಾಡು, ಚಿತ್ರ, ಗುಂಪು ಎಲ್ಲ ಜೊತೆಗಿರುತ್ತವೆ. ಪದ್ಧತಿ ಒಳ್ಳೆಯದೇ. ಆದರೆ ನಾಲ್ಕನೇ ತರಗತಿಗೆ ಬಂದು ದಪ್ಪ ಪಠ್ಯಪುಸ್ತಕ, ಪ್ರಶ್ನೋತ್ತರ ಶುರುವಾದಾಗ ಅಲ್ಲಿಯವರೆಗೆ ಮುಚ್ಚಿಕೊಂಡಿದ್ದ ತೊಂದರೆ ಒಮ್ಮೆಲೇ ಎದುರಾಗುತ್ತದೆ. ‘ಮೂರನೇ ಕ್ಲಾಸ್ವರೆಗೂ ಚೆನ್ನಾಗಿದ್ದ, ಈಗ ಕೆಟ್ಟುಹೋದ’ ಎಂದು ಮನೆಯಲ್ಲಿ ಬೈಗುಳ ಶುರುವಾಗುವುದೂ ಆಗಲೇ. ಹೆಣ್ಣುಮಕ್ಕಳ ವಿಷಯದಲ್ಲಿ ಅದೂ ಆಗುವುದಿಲ್ಲ. ಗಲಾಟೆ ಮಾಡದೆ ಹಿಂದಿನ ಬೆಂಚಿನಲ್ಲಿ ಕೂತು ಪಕ್ಕದವಳದ್ದನ್ನು ನೋಡಿ ಬರೆದುಕೊಳ್ಳುವ ಹುಡುಗಿಯನ್ನು ಯಾರೂ ಗಮನಿಸುವುದೇ ಇಲ್ಲ. ಅಕ್ಷರ ದುಂಡಗಿದ್ದು ಓದಲು ಮಾತ್ರ ಬಾರದ ಹುಡುಗಿಯರನ್ನು ನಾನು ಕಂಡಿದ್ದೇನೆ.

ಮನೆಯ ಮಾತು, ಶಾಲೆಯ ಮಾತು

ಇದು ನಮ್ಮ ಭಾಗದ ವಿಶೇಷ ತೊಡಕು. 2001ರಲ್ಲಿ ಗಣಿ ಮುಚ್ಚಿದರೂ ಗಣಿ ಕೂಡಿಸಿದ ಜನ ಇಲ್ಲೇ ಇದ್ದಾರೆ. ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ, ಊರಿಗಾಂ ಕಡೆ ಮನೆಯ ಮಾತು ತಮಿಳು. ಬಂಗಾರಪೇಟೆಯ ಹಳ್ಳಿಗಳಲ್ಲಿ ತೆಲುಗು ಧಾರಾಳ. ಪೇಟೆಯಲ್ಲಿ ಉರ್ದು. ಶಾಲೆ ಕನ್ನಡದ್ದು ಅಥವಾ ಇಂಗ್ಲಿಷಿನದು. ಮಗು ಹಿಂದೆ ಬಿದ್ದರೆ ಶಾಲೆಯವರು ‘ಮನೇಲಿ ಕನ್ನಡ ಮಾತಾಡಲ್ಲ, ಅದಕ್ಕೇ’ ಎನ್ನುತ್ತಾರೆ. ಕೆಲವು ಸಲ ಅದು ನಿಜವೂ ಹೌದು. ತಮಿಳು ಲಿಪಿಯಲ್ಲಿ ಕ–ಗ, ತ–ದ, ಪ–ಬ ಎಂದು ಬೇರೆ ಬೇರೆ ಅಕ್ಷರವಿಲ್ಲ. ತಮಿಳು ಮನೆಯ ಮಗು ‘ಗಾಡಿ’ಯನ್ನು ‘ಕಾಡಿ’ ಎಂದು ಬರೆದರೆ ಅದು ಭಾಷೆಯ ಪ್ರಭಾವ, ಕನ್ನಡ ಕಿವಿಗೆ ಹೆಚ್ಚು ಬಿದ್ದ ಹಾಗೆಲ್ಲ ಸರಿಹೋಗುತ್ತದೆ.

ವ್ಯತ್ಯಾಸ ತಿಳಿಯಲು ಮಗುವನ್ನು ಅದರ ಮನೆಯ ಮಾತಿನಲ್ಲೇ ಪರೀಕ್ಷಿಸಿ. ಪಾಲ್, ಪಳಂ, ತಣ್ಣಿ ಎಂದು ಹೇಳಿ, ಯಾವುದರ ಮೊದಲ ಸದ್ದು ಬೇರೆ ಎಂದು ಕೇಳಿ. ವಾರದ ಹೆಸರುಗಳನ್ನು ಕ್ರಮವಾಗಿ ಹೇಳಿಸಿ. ಪ್ರಾಸದ ಪದ ಕಟ್ಟಿಸಿ. ತಮಿಳಿನಲ್ಲಿ ಇದನ್ನೆಲ್ಲ ಪಟಪಟನೆ ಹೇಳಿದರೆ ಮಗುವಿಗೆ ಬೇಕಿರುವುದು ಕನ್ನಡದ ಒಡನಾಟ. ಮನೆಯ ಮಾತಿನಲ್ಲೂ ಸದ್ದುಗಳನ್ನು ಬಿಡಿಸಲು ತಿಣುಕಿದರೆ, ಎರಡು ಮೂರು ವರ್ಷ ಶಾಲೆಗೆ ತಪ್ಪದೆ ಹೋದ ಮೇಲೂ ಯಾವ ಲಿಪಿಯೂ ಹತ್ತದಿದ್ದರೆ, ಭಾಷೆಯ ನೆಪ ಹೇಳುವುದನ್ನು ಬಿಡಬೇಕು. ಮುಂದೆ ಮನಃಶಾಸ್ತ್ರಜ್ಞರ ಮುಂದೆ ಕೂತಾಗಲೂ ಇದನ್ನು ಮೊದಲೇ ತಿಳಿಸಿ: ಮನೆಯಲ್ಲಿ ಯಾವ ಮಾತು, ಯಾವ ಮಾಧ್ಯಮದಲ್ಲಿ ಎಷ್ಟು ವರ್ಷ, ಮಧ್ಯೆ ಶಾಲೆ ಬದಲಾಯಿತೇ. ಮಗುವಿಗೆ ಗೊತ್ತಿಲ್ಲದ ಭಾಷೆಯಲ್ಲಿ ಪರೀಕ್ಷೆ ಮಾಡಿ ಬರೆದ ವರದಿಗೆ ಬೆಲೆಯಿಲ್ಲ. ಕನ್ನಡದಲ್ಲೇ ಪರೀಕ್ಷಿಸುವ ಸಾಧನಗಳಿವೆ. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ ಪರೀಕ್ಷೆ ಹಿಂದಿ, ಮರಾಠಿ, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಇದೆ.

ಇದೆಲ್ಲಕ್ಕೂ ಮೊದಲು ಕಣ್ಣು, ಕಿವಿ. ಬೋರ್ಡು ಕಾಣದ ಮಗುವನ್ನು ದಡ್ಡ ಎಂದು ವರ್ಷಗಟ್ಟಲೆ ಬೈದ ಮನೆಗಳಿವೆ. ಸರ್ಕಾರಿ ಶಾಲೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ತಪಾಸಣೆಗೆ ಬರುತ್ತದೆ. ಅವರ ಪಟ್ಟಿಯಲ್ಲಿ ಕಲಿಕೆಯ ತೊಂದರೆಯೂ ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಅವರು ಬರುವ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಕ್ಲಾಸ್ ಟೀಚರಿಗೆ ಮೊದಲೇ ಹೇಳಿ ಹೆಸರು ಬರೆಸಿ.

ಬಾಯಲ್ಲಿ ಹೇಳಿದ್ದು ಗಾಳಿಗೆ

ಈಗ ಶಾಲೆ. ಮೊದಲು ಕ್ಲಾಸ್ ಟೀಚರ್ ಹತ್ತಿರ ಕೂತು ಮಾತಾಡಿ. ಗೇಟಿನಲ್ಲಿ ನಿಂತು, ಬೆಲ್ ಹೊಡೆಯುವ ಹೊತ್ತಿಗೆ, ಮಗುವಿನ ಎದುರಿಗೇ ಮಾತಾಡುವುದು ಬೇಡ. ಸಂಜೆ ಶಾಲೆ ಬಿಟ್ಟ ಮೇಲೆ ಕಾಲು ಗಂಟೆ ಸಮಯ ಕೇಳಿಕೊಳ್ಳಿ. ದೂರಲು ಹೋಗಿಲ್ಲ, ಮಗುವನ್ನು ಇಬ್ಬರೂ ಸೇರಿ ನೋಡಲು ಹೋಗಿದ್ದೀರಿ ಎಂದು ಅವರಿಗೆ ಅನಿಸಬೇಕು. ಒಳ್ಳೆಯ ಟೀಚರಿಗೆ ನಿಮಗಿಂತ ಮುಂಚೆಯೇ ಅನುಮಾನ ಬಂದಿರುತ್ತದೆ. ತಂದೆತಾಯಿ ಬೇಸರ ಮಾಡಿಕೊಂಡಾರು ಎಂದು ಸುಮ್ಮನಿರುತ್ತಾರೆ.

ಮಾತಾಡಿದ ವಾರದೊಳಗೆ ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆದು ಕೊಡಿ. ನಮ್ಮ ಜನ ತಪ್ಪುವುದು ಇಲ್ಲೇ. ನಾಲ್ಕು ವರ್ಷ ಬಾಯಲ್ಲಿ ಹೇಳಿಕೊಂಡೇ ಬಂದವರ ಹತ್ತಿರ ಎಸ್‌ಎಸ್‌ಎಲ್‌ಸಿ ಬಂದಾಗ ಒಂದು ಹಾಳೆಯೂ ಇರುವುದಿಲ್ಲ. ಅರ್ಜಿ ದೊಡ್ಡದಾಗಬೇಕಿಲ್ಲ:

‘ಮಾನ್ಯ ಮುಖ್ಯೋಪಾಧ್ಯಾಯರಿಗೆ, ನಿಮ್ಮ ಶಾಲೆಯ ಐದನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗನಿಗೆ ಓದು ಬರಹದಲ್ಲಿ ಬಹಳ ದಿನಗಳಿಂದ ತೊಂದರೆ ಇದೆ. ಬಾಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತಾನೆ. ಬರೆಯುವಾಗ ಅಕ್ಷರ ಬಿಡುತ್ತಾನೆ, ಬೋರ್ಡಿನಿಂದ ಪೂರ್ತಿ ಇಳಿಸಿಕೊಳ್ಳಲು ಆಗುತ್ತಿಲ್ಲ. ಕಣ್ಣು, ಕಿವಿ ಪರೀಕ್ಷೆ ಮಾಡಿಸಿದ್ದೇವೆ, ಚೀಟಿ ಲಗತ್ತಿಸಿದೆ. ನಿರ್ದಿಷ್ಟ ಕಲಿಕಾ ನ್ಯೂನತೆ ಇರಬಹುದೇ ಎಂದು ಶಾಲೆಯಲ್ಲಿ ಪ್ರಾಥಮಿಕ ತಪಾಸಣೆ ಮಾಡಿಸಿ, ಕ್ಷೇತ್ರ ಸಂಪನ್ಮೂಲ ಕೇಂದ್ರದ ಗಮನಕ್ಕೆ ತಂದು, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಬೇಕಾದ ನೆರವು ಕೊಡಿಸಬೇಕೆಂದು ಕೋರುತ್ತೇನೆ.’

ಎರಡು ಪ್ರತಿ ಮಾಡಿಸಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಶಾಲೆಯ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಫೈಲಿಗೆ ಸೇರಿಸಿ. ಸೀಲು ಹಾಕಲು ಹಿಂದೆಮುಂದೆ ನೋಡಿದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅದರ ರಸೀದಿಯೂ ದಾಖಲೆಯೇ.

ಆ 16ನೇ ಸೆಕ್ಷನ್ ಏನು ಹೇಳುತ್ತದೆ ಎಂಬುದನ್ನು ತಿಳಿದುಕೊಂಡೇ ಹೋಗಿ. 1995ರ ಹಳೆಯ ಕಾಯ್ದೆಯಲ್ಲಿ ಏಳೇ ಬಗೆಯ ಅಂಗವೈಕಲ್ಯ ಇದ್ದವು, ಕಲಿಕಾ ನ್ಯೂನತೆ ಇರಲಿಲ್ಲ. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿ ಇದನ್ನೂ ಸೇರಿಸಿತು. 2017ರ ಏಪ್ರಿಲ್ 19ರಿಂದ ಅದು ಜಾರಿಯಲ್ಲಿದೆ. ಮಕ್ಕಳಲ್ಲಿ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆ ಮಾಡಿ, ಅದಕ್ಕೆ ತಕ್ಕ ಬೋಧನೆ ಮಾಡುವುದು ಶಾಲೆಯ ಹೊಣೆ ಎನ್ನುತ್ತದೆ 16ನೇ ಸೆಕ್ಷನ್. ಯಾವ ಶಾಲೆ? ಸರ್ಕಾರದ ಹಣ ಪಡೆಯುವ ಶಾಲೆ ಮಾತ್ರವಲ್ಲ, ಸರ್ಕಾರದ ಮಾನ್ಯತೆ ಪಡೆದ ಎಲ್ಲ ಶಾಲೆ. ಅಂದರೆ ಫೀಸು ಕಟ್ಟಿ ಸೇರಿಸಿದ ಇಂಗ್ಲಿಷ್ ಮೀಡಿಯಂ ಶಾಲೆಗೂ ಇದೇ ನಿಯಮ. ‘ನಮ್ಮಲ್ಲಿ ಇಂಥ ಮಕ್ಕಳಿಗೆ ವ್ಯವಸ್ಥೆ ಇಲ್ಲ, ಟಿ.ಸಿ. ತಗೊಂಡು ಹೋಗಿ’ ಎಂದರೆ ಟಿ.ಸಿ. ಕೇಳಿ ನೀವಾಗಿ ಬರೆದುಕೊಡಬೇಡಿ. ‘ಆ ಮಾತನ್ನೇ ಬರೆದು ಕೊಡಿ’ ಎಂದು ವಿನಯವಾಗಿ ಕೇಳಿ. ಮಾತು ಅಲ್ಲಿಗೆ ಬೇರೆ ದಾರಿ ಹಿಡಿಯುತ್ತದೆ. ಹೊಡೆತ, ಹೀಯಾಳಿಕೆ ಇದ್ದರೆ ಅದಕ್ಕೆ ಇನ್ನೊಂದು ಕಾನೂನು: ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ.

ಅಂಗವೈಕಲ್ಯದ ಪ್ರಮಾಣಪತ್ರ ಬಂದ ಮೇಲೆ ನೋಡೋಣ ಎಂದು ಶಾಲೆಯವರು ಹೇಳಬಹುದು. ಒಪ್ಪಬೇಡಿ. ನಾಳೆ ಬೆಳಿಗ್ಗೆಯೇ ಶುರು ಮಾಡಬಹುದಾದ ಕೆಲಸಕ್ಕೆ ಯಾವ ಕಾರ್ಡೂ ಬೇಡ. ಮುಂದಿನ ಸಾಲಿನಲ್ಲಿ, ಬೋರ್ಡಿಗೆ ನೇರವಾಗಿ ಕೂರಿಸುವುದು. ಎಲ್ಲರ ಮುಂದೆ ಎದ್ದು ನಿಂತು ಜೋರಾಗಿ ಓದು ಎಂದು ಹೇಳದಿರುವುದು. ಬೋರ್ಡಿನ ಟಿಪ್ಪಣಿಯನ್ನು ಪಕ್ಕದ ಮಗುವಿನ ಪುಸ್ತಕದಿಂದ ಜೆರಾಕ್ಸ್ ಮಾಡಿಸಿಕೊಡುವುದು ಅಥವಾ ಫೋನಿನಲ್ಲಿ ಫೋಟೋ ತೆಗೆದು ತಾಯಿಗೆ ಕಳಿಸುವುದು. ಪರಿಸರ ಅಧ್ಯಯನ, ಸಮಾಜದ ಕಿರುಪರೀಕ್ಷೆಯನ್ನು ಬಾಯಲ್ಲಿ ಕೇಳಿ ಅಂಕ ಕೊಡುವುದು. ವಿಜ್ಞಾನದ ಉತ್ತರದಲ್ಲಿ ಒತ್ತಕ್ಷರ ತಪ್ಪಿದ್ದಕ್ಕೆ ಅಂಕ ಕಳೆಯದಿರುವುದು. ಉಕ್ತಲೇಖನಕ್ಕೆ ಇಪ್ಪತ್ತು ಪದದ ಬದಲು ಐದು ಪದ, ಅದೂ ಒಂದೇ ಜಾತಿಯವು: ಈ ವಾರವೆಲ್ಲ ದೀರ್ಘದ ಪದ, ಮುಂದಿನ ವಾರ ಸೊನ್ನೆಯ ಪದ. ಇವುಗಳಲ್ಲಿ ನಾಲ್ಕನ್ನು ನಿಮ್ಮ ಅರ್ಜಿಯ ಹಿಂದೆ ಬರೆದೇ ಕೊಡಿ. ‘ಏನಾದರೂ ಸಹಾಯ ಮಾಡಿ’ ಎಂದರೆ ಐವತ್ತು ಮಕ್ಕಳ ಮಧ್ಯೆ ಇರುವ ಟೀಚರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ‘ಟಿಪ್ಪಣಿ ಫೋಟೋ ಕಳಿಸಿ’ ಎಂದರೆ ಕಳಿಸುತ್ತಾರೆ.

ಶಾಲೆಯ ಆಚೆ ಯಾರಿದ್ದಾರೆ

ಪ್ರತಿ ಶೈಕ್ಷಣಿಕ ಬ್ಲಾಕಿಗೂ ಒಂದು ಕ್ಷೇತ್ರ ಸಂಪನ್ಮೂಲ ಕೇಂದ್ರ ಇದೆ, ಬಿಆರ್‌ಸಿ ಎನ್ನುತ್ತಾರೆ. ಸಮಗ್ರ ಶಿಕ್ಷಣದಡಿ ಅಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಸಂಪನ್ಮೂಲ ಶಿಕ್ಷಕರ ಹುದ್ದೆ ಇದೆ. ಇಲಾಖೆಯಲ್ಲಿ ಅವರನ್ನು ‘ಬಿಐಇಆರ್‌ಟಿ’ ಎಂದೇ ಕರೆಯುವುದು. ನೀವು ಹೆಸರು ಹಿಡಿದು ಕೇಳಬೇಕಾದವರು ಇವರೇ. ಶಾಲೆಗೆ ಬಂದು ಮಗುವನ್ನು ನೋಡುವುದು, ಆ ಮಗುವಿಗೆಂದೇ ಪ್ರತ್ಯೇಕ ಕಲಿಕಾ ಯೋಜನೆ ಬರೆದುಕೊಡುವುದು, ವೈದ್ಯಕೀಯ ತಪಾಸಣಾ ಶಿಬಿರದ ಪಟ್ಟಿಗೆ ಹೆಸರು ಸೇರಿಸುವುದು ಅವರ ಕೆಲಸ. ಕೆ.ಜಿ.ಎಫ್. ಈಗ ಬೇರೆ ತಾಲ್ಲೂಕು, ಶಿಕ್ಷಣ ಇಲಾಖೆಯಲ್ಲಿ ಅದು ಪ್ರತ್ಯೇಕ ಬ್ಲಾಕು. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ ಕಡೆಯ ಶಾಲೆಯವರು ಬಂಗಾರಪೇಟೆಯ ಬಿಇಓ ಆಫೀಸಿನ ಮೆಟ್ಟಿಲು ಹತ್ತಿ ಒಂದು ದಿನದ ಕೂಲಿ ಕಳೆದುಕೊಳ್ಳಬಾರದು. ಯಾವ ಬ್ಲಾಕು, ಯಾವ ಕ್ಲಸ್ಟರು ಎಂಬುದನ್ನು ಶಾಲೆಯಲ್ಲೇ ಬರೆಸಿಕೊಂಡು ಹೋಗಿ.

ಟೀಚರುಗಳಿಗೂ ಒಂದು ಮಾತು. ಎನ್‌ಸಿಇಆರ್‌ಟಿ 2022ರಲ್ಲಿ ಹೊರತಂದ ‘ಪ್ರಶಸ್ತ್’ ಆ್ಯಪ್‌ನಲ್ಲಿ 21 ನ್ಯೂನತೆಗಳಿಗೂ ತರಗತಿಯಲ್ಲೇ ಗುರುತು ಹಾಕಬಹುದಾದ ಪಟ್ಟಿ ಇದೆ. ಅದು ರೋಗನಿರ್ಣಯ ಅಲ್ಲ, ಮುಂದೆ ಕಳಿಸಬೇಕೇ ಬೇಡವೇ ಎಂದು ತಿಳಿಯಲು ಅಷ್ಟೇ. ತಂದೆತಾಯಿ ಅರ್ಜಿ ಹಿಡಿದು ಬಂದ ದಿನ ಅದನ್ನು ತುಂಬಿದರೆ ನಿಮ್ಮ ಹೊಣೆಯ ಮೊದಲ ಪಾಲು ಸಂದ ಹಾಗೆ.

ಯುಡಿಐಡಿ ಕಾರ್ಡು ಮಾಡಿಸುವುದು

ಯುಡಿಐಡಿ ಎಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ವಿಶಿಷ್ಟ ಗುರುತಿನ ಕಾರ್ಡು. ಅದರ ಮಾತೆತ್ತಿದರೆ ಮನೆಯಲ್ಲಿ ಗಲಾಟೆ ಆಗುತ್ತದೆ. ‘ನನ್ನ ಮೊಮ್ಮಗ ಏನು ಕುಂಟನಾ ಕುರುಡನಾ, ಅಂಗವಿಕಲ ಅಂತ ಕಾರ್ಡ್ ಮಾಡಿಸ್ತೀಯಾ?’ ಎಂದು ಆ ಹುಡುಗನ ಅಜ್ಜಿ ಎರಡು ದಿನ ಊಟ ಬಿಟ್ಟಿದ್ದರು. ಹೆಣ್ಣುಮಗುವಾದರೆ ಮದುವೆಯ ಚಿಂತೆ ಬೇರೆ. ಅವರ ಸಂಕಟ ಸುಳ್ಳಲ್ಲ. ಅವರಿಗೆ ಹೇಳಬೇಕಾದ್ದು ಇಷ್ಟು: ಕಾರ್ಡನ್ನು ಯಾರೂ ಎದೆಗೆ ಅಂಟಿಸಿಕೊಂಡು ಓಡಾಡುವುದಿಲ್ಲ. ಅದು ಬೀರುವಿನಲ್ಲಿ ಇರುತ್ತದೆ, ಪರೀಕ್ಷೆ ಬಂದಾಗ ಹೊರಗೆ ಬರುತ್ತದೆ. ಅದಿಲ್ಲದೆ ಆ ಮಗು ಹತ್ತನೇ ತರಗತಿಯಲ್ಲಿ ನಪಾಸಾಗಿ ಕೂಲಿಗೆ ಹೋದರೆ ಅದನ್ನು ಬೀರುವಿನಲ್ಲಿ ಮುಚ್ಚಿಡಲು ಆಗುವುದಿಲ್ಲ.

ಅರ್ಜಿ ಸ್ವಾವಲಂಬನ್ ಜಾಲತಾಣದಲ್ಲಿ, ಶುಲ್ಕವಿಲ್ಲ. ಆಧಾರ್, ಫೋಟೋ, ವಿಳಾಸದ ದಾಖಲೆ ಸಾಕು. ಹಳ್ಳಿಯವರು ಸೈಬರ್ ಸೆಂಟರಿಗೆ ದುಡ್ಡು ಸುರಿಯುವ ಮುನ್ನ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯಾರೆಂದು ಕೇಳಿ. ತಾಲ್ಲೂಕಿಗೆ ಒಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇರುತ್ತಾರೆ. ಅವರಲ್ಲಿ ಬಹುತೇಕರು ತಾವೇ ವಿಕಲಚೇತನರು, ಆಫೀಸುಗಳ ಒಳದಾರಿ ಬಲ್ಲವರು. ಅರ್ಜಿ ತುಂಬಿಕೊಡುವುದು ಅವರ ಕೆಲಸವೇ.

ಬೇರೆ ಅಂಗವೈಕಲ್ಯದ ಹಾಗೆ ಒಬ್ಬ ಡಾಕ್ಟರು ನೋಡಿ ಬರೆದುಕೊಡುವ ವಿಷಯ ಇದಲ್ಲ. ಕೇಂದ್ರ ಸರ್ಕಾರದ 2018ರ ಜನವರಿ 4ರ ಅಧಿಸೂಚನೆಯ ಪ್ರಕಾರ ಮಕ್ಕಳ ತಜ್ಞರು ಮೊದಲು ನರ, ಕಣ್ಣು, ಕಿವಿ ನೋಡಬೇಕು. ಆಮೇಲೆ ಮನಃಶಾಸ್ತ್ರಜ್ಞರು ಬುದ್ಧಿಮತ್ತೆ ಪರೀಕ್ಷೆ ಮಾಡಿ, ಅದರ ಮೇಲೆ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಬೇಕು. ಆ ಪರೀಕ್ಷೆಗೆ ದೇಶಕ್ಕೆಲ್ಲ ಗೊತ್ತುಮಾಡಿದ್ದು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾಳವಿಕಾ ಕಪೂರ್ ಮತ್ತು ಸಂಗಡಿಗರು ರೂಪಿಸಿದ ಸಾಧನವನ್ನು. ಎಂಟು ವರ್ಷ ತುಂಬುವ ಮುನ್ನ ಪ್ರಮಾಣಪತ್ರ ಕೊಡುವುದಿಲ್ಲ. 14ನೇ ವಯಸ್ಸಿಗೆ, 18ನೇ ವಯಸ್ಸಿಗೆ ಮತ್ತೆ ತಪಾಸಣೆ ಎಂದು ಆ ಅಧಿಸೂಚನೆ ಹೇಳಿತ್ತು. 2024ರಲ್ಲಿ ಮಾರ್ಗಸೂಚಿ ಪರಿಷ್ಕರಣೆಯಾಗಿದೆ. ನಿಮ್ಮ ಕಾರ್ಡಿನ ಮೇಲೆ ಅಚ್ಚಾದ ಅವಧಿಯನ್ನು ನೋಡಿಕೊಂಡು ಅದಕ್ಕೆ ಆರು ತಿಂಗಳು ಮೊದಲೇ ಓಡಾಡಿ. ಹದಿನಾಲ್ಕು ಎಂದರೆ ಒಂಬತ್ತನೇ ತರಗತಿ. ಆಗ ಅವಧಿ ಮುಗಿದ ಕಾರ್ಡು ಕೈಯಲ್ಲಿದ್ದರೆ ಎಸ್‌ಎಸ್‌ಎಲ್‌ಸಿ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ. ಕಾರ್ಡಿನ ಅರ್ಜಿಯ ಮೇಲೆ ಕರೆಯುವುದು ಸಾಮಾನ್ಯವಾಗಿ ಜಿಲ್ಲಾ ಆಸ್ಪತ್ರೆಗೇ. ಅಲ್ಲಿ ಆಗದ ಪರೀಕ್ಷೆಗೆ ಮುಂದೆ ಬರೆದುಕೊಟ್ಟರೆ ನಿಮ್ಹಾನ್ಸ್ ಇದೆ. ನಮ್ಮೂರಿನಿಂದ ಬೆಂಗಳೂರು ರೈಲಿನಲ್ಲಿ 70 ಕಿಲೋಮೀಟರು. ಒಂದೇ ದಿನದಲ್ಲಿ ಮುಗಿಯುವುದಿಲ್ಲ ಎಂದು ಲೆಕ್ಕ ಹಾಕಿಕೊಂಡೇ ಹೊರಡಿ. ನೋಟ್‌ಬುಕ್ಕುಗಳ ಫೈಲು, ಶಾಲೆಯ ಪತ್ರ, ಕಣ್ಣು ಕಿವಿಯ ಚೀಟಿ, ಹೆರಿಗೆಯ ಕಾಗದ ಇದ್ದರೆ ಅದೂ ಜೊತೆಗಿರಲಿ. ಮಗುವಿಗೆ ಹೊಟ್ಟೆ ತುಂಬ ತಿನ್ನಿಸಿ ಕರೆದುಕೊಂಡು ಹೋಗಿ. ನಸುಕಿನ ರೈಲಿಗೆ ಎದ್ದು, ಖಾಲಿ ಹೊಟ್ಟೆಯಲ್ಲಿ ಸಾಲಿನಲ್ಲಿ ನಿಂತು ಸುಸ್ತಾದ ಮಗುವಿನ ಬುದ್ಧಿಮತ್ತೆ ಪರೀಕ್ಷೆ ಸರಿಯಾಗಿ ಬರುವುದಿಲ್ಲ. ಖಾಸಗಿಯವರ ಹತ್ತಿರ ಹೋಗುವವರು ಅವರ ಆರ್‌ಸಿಐ ನೋಂದಣಿ ಸಂಖ್ಯೆ ಕೇಳಿ. ಭಾರತೀಯ ಪುನರ್ವಸತಿ ಪರಿಷತ್ತಿನ ಆ ನಂಬರು ಇಲ್ಲದವರಿಂದ ಬರೆಸಿಕೊಂಡ ವರದಿ ಎಷ್ಟೇ ಚೆಂದವಾಗಿ ಅಚ್ಚಾಗಿದ್ದರೂ ಕೆಲಸಕ್ಕೆ ಬರುವುದಿಲ್ಲ. ಅದು ಇದ್ದರೂ ಯುಡಿಐಡಿಯನ್ನು ಕೊಡುವುದು ಸರ್ಕಾರ ನೇಮಿಸಿದ ವೈದ್ಯಕೀಯ ಪ್ರಾಧಿಕಾರ ಮಾತ್ರ.

ಶೇ 40ರ ಲೆಕ್ಕವನ್ನೂ ತಿಳಿದಿರಬೇಕು. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಮುಂದೆ ಕಾಲೇಜು ಮತ್ತು ಉದ್ಯೋಗದ ಮೀಸಲಾತಿ, ಇವಕ್ಕೆಲ್ಲ ಶೇ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರದಲ್ಲಿ ಇರಬೇಕು. ಆದರೆ 16ನೇ ಸೆಕ್ಷನ್ ಹೇಳುವ ಬೇಗನೆ ಪತ್ತೆ, ತಕ್ಕ ಬೋಧನೆ ಎಂಬುದಕ್ಕೆ ಆ ಗಡಿ ಇಲ್ಲ. ‘ನಲವತ್ತಿಲ್ಲ, ಹಾಗಾಗಿ ಏನೂ ಸಿಗಲ್ಲ’ ಎಂದು ಯಾರಾದರೂ ಹೇಳಿದರೆ ನಂಬಿ ವಾಪಸು ಬರಬೇಡಿ.

ಎಸ್‌ಎಸ್‌ಎಲ್‌ಸಿಗೆ ಒಂಬತ್ತರಲ್ಲೇ ತಯಾರಿ

625 ಅಂಕಗಳ ಪದ್ಧತಿಯಲ್ಲಿ ಪ್ರಥಮ ಭಾಷೆಗೆ 125, ದ್ವಿತೀಯಕ್ಕೆ 100, ತೃತೀಯಕ್ಕೆ 100. ಅಂದರೆ 325 ಅಂಕ, ಅರ್ಧಕ್ಕಿಂತ ಹೆಚ್ಚು, ಭಾಷೆಗಳದ್ದೇ. ಮೂರು ಲಿಪಿಗಳಲ್ಲಿ ಹೋರಾಡುವ ಮಗುವಿಗೆ ಇದು ಎಂಥ ಹೊರೆ ಎಂಬುದನ್ನು ಬೇರೆ ಹೇಳಬೇಕಿಲ್ಲ. 2016ರ ಕಾಯ್ದೆಯ 17ನೇ ಸೆಕ್ಷನ್ ಇದನ್ನು ಕಂಡೇ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಈ ಮೂರನ್ನೂ ಹೆಸರಿಸಿದೆ. ರಾಜ್ಯದಲ್ಲಿ ಇದನ್ನು ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಅರ್ಜಿ ಹೋಗಬೇಕಾದ್ದು ಶಾಲೆಯ ಮೂಲಕ, ಹೆಸರು ನೋಂದಣಿಯ ಸಮಯದಲ್ಲೇ. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಪ್ರಯೋಜನವಿಲ್ಲ. ಹತ್ತನೇ ತರಗತಿಯ ಜೂನ್ ತಿಂಗಳಲ್ಲೇ ಹೆಡ್‌ಮಾಸ್ಟರರ ಕೈಗೆ ಯುಡಿಐಡಿ ಪ್ರತಿಯ ಜೊತೆ ಬರಹದಲ್ಲಿ ಕೋರಿಕೆ ಕೊಟ್ಟು, ಆ ವರ್ಷದ ಮಂಡಳಿಯ ಸುತ್ತೋಲೆಯನ್ನು ಕೇಳಿ ಓದಿ. ನೋಂದಣಿ ಆದ ಮೇಲೆ ಮಗುವಿನ ಹೆಸರಿನ ಮುಂದೆ ವಿಶೇಷ ಅಗತ್ಯದ ಕೋಡ್ ಬಿದ್ದಿದೆಯೇ ಎಂದು ಕಣ್ಣಾರೆ ನೋಡಿ.

ಯಾವ ಭಾಷೆ ಬಿಡಿಸುವುದು ಎಂಬುದರಲ್ಲಿ ಅವಸರ ಬೇಡ. ನನ್ನ ಅಭಿಪ್ರಾಯ ಕೇಳಿದರೆ, ಮಗು ಈ ನೆಲದಲ್ಲೇ ಬದುಕುವುದಾದರೆ ಕನ್ನಡವನ್ನು ಕೈಬಿಡಿಸುವುದು ಕೊನೆಯ ದಾರಿಯಾಗಿರಲಿ. ತೃತೀಯ ಭಾಷೆ ಕಡಿಮೆಯಾದರೇ ಎಷ್ಟೋ ಮಕ್ಕಳಿಗೆ ಉಸಿರು ಬರುತ್ತದೆ.

ಬರೆದುಕೊಡುವವರ ಜೊತೆ ಅಭ್ಯಾಸ ಬೇಕೇ ಬೇಕು. ಉತ್ತರ ಗೊತ್ತಿರುವುದು ಬೇರೆ, ಅದನ್ನು ಇನ್ನೊಬ್ಬರು ಬರೆದುಕೊಳ್ಳುವ ಹಾಗೆ ನಿಲ್ಲಿಸಿ ನಿಲ್ಲಿಸಿ ಹೇಳುವುದು ಬೇರೆ. ಒಂಬತ್ತನೇ ತರಗತಿಯ ಎಲ್ಲ ಪರೀಕ್ಷೆಗಳಲ್ಲೂ ಶಾಲೆ ಈ ಏರ್ಪಾಡು ಮಾಡಲಿ. ಗಣಿತದ ಹೆಜ್ಜೆಗಳನ್ನು, ನಕ್ಷೆಯ ಗುರುತುಗಳನ್ನು ಬಾಯಲ್ಲಿ ಹೇಳಿಸಿ ರೂಢಿ ಮಾಡಿ. ಕೆಲವು ಮಕ್ಕಳು ತಾವೇ ನಿಧಾನವಾಗಿ ಬರೆಯಲು ಇಷ್ಟಪಡುತ್ತಾರೆ. ಅವರಿಗೆ ಹೆಚ್ಚಿನ ಸಮಯವೊಂದೇ ಸಾಕು. ಆಯ್ಕೆ ಮಗುವಿನದಾಗಿರಲಿ.

ಕೊಠಡಿ ಮೇಲ್ವಿಚಾರಕರಿಗೆ ವಿಷಯ ಗೊತ್ತಿಲ್ಲದೆ ಉತ್ತರಪತ್ರಿಕೆ ಕಿತ್ತುಕೊಳ್ಳುವುದೂ ನಡೆಯುತ್ತದೆ. 2021ರ ನೀಟ್ ಪರೀಕ್ಷೆಯಲ್ಲಿ ಡಿಸ್‌ಗ್ರಾಫಿಯಾ ಇದ್ದ ಅವ್ನಿ ಪ್ರಕಾಶ್ ಎಂಬ ವಿದ್ಯಾರ್ಥಿನಿಗೆ ಹೀಗೇ ಆಯಿತು. ಅವರಿಗೆ ಸಲ್ಲಬೇಕಿದ್ದ ಹೆಚ್ಚುವರಿ ಒಂದು ಗಂಟೆಯನ್ನು ಕೊಡಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋದರು. ಅದೇ ವರ್ಷದ ನವೆಂಬರಿನಲ್ಲಿ ಬಂದ ತೀರ್ಪು, ತಪ್ಪು ಪರೀಕ್ಷೆ ನಡೆಸುವವರದ್ದು, ಅದನ್ನು ಸರಿಪಡಿಸುವುದೂ ಅವರದೇ ಹೊಣೆ ಎಂದಿತು. ಆ ತೀರ್ಪಿನ ಬಲ ಇದೆ. ಆದರೂ ಪರೀಕ್ಷೆಯ ಹಿಂದಿನ ದಿನವೇ ಕೇಂದ್ರಕ್ಕೆ ಹೋಗಿ ಮುಖ್ಯ ಅಧೀಕ್ಷಕರನ್ನು ಕಂಡು, ಅನುಮತಿಯ ಪ್ರತಿ ತೋರಿಸಿ ಬನ್ನಿ. ಹುಡುಗರ ಜೇಬಿನಲ್ಲಿ ಅದರದ್ದೊಂದು ಪ್ರತಿ ಇರಲಿ.

ಇಷ್ಟಾಗಿಯೂ ಶಾಲೆ ಕಿವಿಗೆ ಹಾಕಿಕೊಳ್ಳದಿದ್ದರೆ, ಸೀಲು ಬಿದ್ದ ನಿಮ್ಮ ಅರ್ಜಿಯ ಪ್ರತಿಯನ್ನು ಇಟ್ಟು ಬಿಇಓಗೆ ಬರೆಯಿರಿ. ಅಲ್ಲೂ ತಿಂಗಳು ಕಳೆದರೆ ಕೋಲಾರದ ಡಿಡಿಪಿಐ. ಅದರ ಮೇಲೆ ಬೆಂಗಳೂರಿನಲ್ಲಿ ವಿಕಲಚೇತನರ ಹಕ್ಕುಗಳ ರಾಜ್ಯ ಆಯುಕ್ತರಿದ್ದಾರೆ. ಅಲ್ಲಿಗೆ ದೂರು ಕೊಡಲು ವಕೀಲರು ಬೇಕಿಲ್ಲ, ಅಂಚೆಯಲ್ಲಿ ಕಳಿಸಿದರೂ ನಡೆಯುತ್ತದೆ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ. ಇನ್ನೊಬ್ಬರ ಮಗುವಿಗೂ ಇದೇ ತೊಂದರೆ ಇದೆ ಎಂದು ಆ ಸಭೆಯಲ್ಲೇ ಗೊತ್ತಾಗುವುದುಂಟು.

ಮನೆಯಲ್ಲಿ

ಟ್ಯೂಷನ್ನಿಗೆ ಹಾಕಿದ್ದೇವೆ ಎನ್ನುತ್ತಾರೆ. ಶಾಲೆಯಲ್ಲಿ ಆರು ಗಂಟೆ ಸೋತು ಬಂದ ಮಗುವನ್ನು ಅದೇ ರೀತಿಯಲ್ಲಿ ಇನ್ನೆರಡು ಗಂಟೆ ಸೋಲಿಸುವ ಟ್ಯೂಷನ್ನಿನಿಂದ ಕೇಡೇ ಹೆಚ್ಚು. ದಿನಕ್ಕೆ ಇಪ್ಪತ್ತು ನಿಮಿಷ, ಒಂದೇ ಅಕ್ಷರಜಾತಿ, ಮರಳಿನಲ್ಲೋ ರಾಗಿ ಹಿಟ್ಟಿನ ತಟ್ಟೆಯಲ್ಲೋ ಬೆರಳಿನಿಂದ ಬರೆಯುತ್ತ ಬಾಯಲ್ಲಿ ಹೇಳುವುದು ಅದಕ್ಕಿಂತ ಎಷ್ಟೋ ಮೇಲು. ಪಾಠವನ್ನು ಮಗು ತಾನೇ ಓದಬೇಕೆಂಬ ಹಟ ಬೇಡ. ಓದುವ ಅಭ್ಯಾಸ ಬೇರೆ, ಪಾಠ ತಿಳಿಯುವುದು ಬೇರೆ. ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿದರೆ ಮಗು ವಿಜ್ಞಾನವನ್ನೂ ಕಳೆದುಕೊಳ್ಳುತ್ತದೆ.

ಆ ಹುಡುಗನ ತಂದೆಗೆ ವೈಟ್‌ಫೀಲ್ಡಿನಲ್ಲಿ ಕೆಲಸ. ಬೆಳಗಿನ ರೈಲಿಗೆ ಹೋದರೆ ಬರುವುದು ರಾತ್ರಿ. ಪೇರೆಂಟ್ಸ್ ಮೀಟಿಂಗಿಗೆ ಒಂದು ಸಲವೂ ಹೋಗಲು ಆಗಿಲ್ಲ ಎಂಬ ನೋವು ಅವರಿಗಿತ್ತು. ಈಗ ಅವರ ಬ್ಯಾಗಿನಲ್ಲಿ ಮಗನ ಸಮಾಜ ವಿಜ್ಞಾನದ ಪುಸ್ತಕ ಇರುತ್ತದೆ. ಸಂಜೆ ರೈಲಿನಲ್ಲಿ ಸೀಟು ಸಿಕ್ಕ ದಿನ ಒಂದು ಪಾಠವನ್ನು ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿ ಮನೆಗೆ ಕಳಿಸುತ್ತಾರೆ. ಹುಡುಗ ಊಟ ಮಾಡುತ್ತ ಅದನ್ನೇ ಹಾಕಿಕೊಂಡು ಕೇಳುತ್ತಾನೆ. ನಾನು ಹೋಗಿದ್ದ ದಿನವೂ ಕೇಳುತ್ತಿದ್ದ. ಪಾಠದ ಮಧ್ಯೆ ಗಾಡಿ ನಿಧಾನವಾಗುವ ಸದ್ದು, ಕಡಲೆಕಾಯಿ ಮಾರುವವನ ಕೂಗು ಕೇಳಿತು. ಹುಡುಗ ತಟ್ಟೆಯಿಂದ ತಲೆ ಎತ್ತಿ, ‘ಮಾಲೂರು ಬಂತು’ ಎಂದ. ಆಮೇಲೆ ಅಪ್ಪ ಓದಿದ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಅಜ್ಜಿಗೆ ತೆಲುಗಿನಲ್ಲಿ ಹೇಳಿದ.